ಇನ್ನೂ ದಿನ ಉಂಟು ಕಾಕ

ಮೊನ್ನೆ ಬದಿಯಡ್ಕದ ಸೂಪರ್ ಮಾರ್ಕೆಟಿನಲ್ಲಿ ಮಗಳ ಜೊತೆ ಹೋದವಳು ಬ್ರೆಡ್ಡಿನ ಪ್ಯಾಕೆಟ್ಟೊಂದನ್ನು ಕೈಗೆತ್ತಿಕೊಂಡೆ. ತಾರೀಕು ಇರಬೇಕಾದಲ್ಲಿ ಇರುವೆ ಸಾಲಿನಂಥ ಒಂದು ಗೆರೆ. ಹತ್ತಿರ ಹಿಡಿದೆ, ದೂರ ಹಿಡಿದೆ... ಊಹೂಂ. ಕನ್ನಡಕ ಮನೆಯಲ್ಲಿತ್ತು. ಬ್ರೆಡ್ಡಿನ ಸಿಹಿ ವಾಸನೆ ಮೂಗಿಗೆ ಬಡಿದದ್ದೇ, ವರ್ಕಾಡಿಯ ಅಂಗಡಿ ಕಾಕ ನೆನಪಾದರು.

ಆಗ ನಾವು ವರ್ಕಾಡಿಯಲ್ಲಿ ಬಾಡಿಗೆಗಿದ್ದೆವು. ನಮ್ಮ ಗೇಟಿನ ಎದುರಿಗೇ ಕಾಕನ ಅಂಗಡಿ. ಅವರದೊಂದು ವಿಚಿತ್ರ ಶಿಸ್ತು. ಬಿಸ್ಕತ್ತಾಗಲಿ, ಹಾಲಿನ ಪುಡಿಯಾಗಲಿ, ಕೊಳ್ಳುವವರು ತಾರೀಕು ಗಟ್ಟಿಯಾಗಿ ಓದಿ ಹೇಳದೆ ಕೊಡುತ್ತಲೇ ಇರಲಿಲ್ಲ. "ಮೇಲಿನದ್ದು ಪ್ಯಾಕ್ ಮಾಡಿದ ದಿನ. ಅದಲ್ಲ ಮಗಳೇ, ಕೆಳಗಿನದ್ದು ಓದು" ಎನ್ನುತ್ತಿದ್ದರು. ದಿನ ದಾಟಿದ್ದರೆ ಅಲ್ಲೇ ಬುಟ್ಟಿಗೆಸೆಯುತ್ತಿದ್ದರು. "ಇನ್ನೂ ದಿನ ಉಂಟು ಕಾಕ" ಎಂದು ಹೇಳಿಯೇ ಹೊರಡುವುದು ನನಗೆ ರೂಢಿಯಾಗಿಹೋಯಿತು. ಇಂಥ ಪ್ರಾಮಾಣಿಕ ವ್ಯಾಪಾರಿ ಮಂಗಳೂರಲ್ಲೂ ಸಿಗಲಿಕ್ಕಿಲ್ಲವೆಂದು ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಬ್ರೆಡ್ಡು ತರಲು ಮಗಳನ್ನು ಕಳಿಸಿದೆ. ಅವಳಿನ್ನೂ ಅಂಗನವಾಡಿಗೆ ಹೋಗುವ ಪುಟ್ಟಿ. ಮರಳಿ ಬರುವಾಗಲೇ ಬಾಯಲ್ಲೊಂದು ತುಂಡು. ಪ್ಯಾಕೆಟ್ಟು ಕಸಿದು ನೋಡಿದೆ. ಅಂಗೈಯಗಲ ಹಸಿರು ಬೂಷ್ಟು!

"ಕಾಕ ಓದ್ಲಿಕ್ಕೆ ಹೇಳ್ಲಿಲ್ವಾ?"

"ಹೇಳಿದ್ರು. ನಾನು 'ಇನ್ನೂ ದಿನ ಉಂಟು ಕಾಕ' ಹೇಳಿದೆ" ಎಂದಳು, ಹೆಮ್ಮೆಯಿಂದ.

ಬಾಯಿ ತೊಳೆಸಿ, ಅವಳನ್ನು ಸೊಂಟಕ್ಕೇರಿಸಿಕೊಂಡು ಅಂಗಡಿಗೆ ನುಗ್ಗಿದೆ. ನನ್ನ ಸಿಟ್ಟೋ, ಕೇಳುವುದೇ ಬೇಡ. ಪ್ಯಾಕೆಟ್ಟನ್ನು ಅವರ ಮೂಗಿಗೇ ಹಿಡಿದೆ. "ಎಂತ ಕಾಕ ಇದು?"

ಅವರು ಅದನ್ನು ಎರಡೂ ಕೈಯಲ್ಲಿ ತಡವಿ, ನನ್ನ ದನಿ ಬಂದ ಕಡೆಗೆ ಮುಖವೆತ್ತಿ ನಕ್ಕರು. "ಬ್ರೆಡ್ ಅಲ್ವಾ ಮಗಳೇ? ತಾರೀಕು ಎಷ್ಟುಂಟು, ಓದು."

ಬೂಷ್ಟು ಅವರ ಹೆಬ್ಬೆರಳ ಪಕ್ಕದಲ್ಲೇ ಇತ್ತು. ಅವರಿಗೆ ಕಾಣುತ್ತಿರಲಿಲ್ಲ. ಆಮೇಲೆ ಗೊತ್ತಾಯಿತು, ಎದುರು ನಿಂತವರ ನೆರಳಷ್ಟೇ ಕಾಣುತ್ತಿತ್ತಂತೆ, ಅದೂ ಎಷ್ಟೋ ಕಾಲದಿಂದ... ದಿನಾ ಆ ಅಂಗಡಿಗೆ ಹೋಗುತ್ತಿದ್ದ ನನಗೆ, ಇಡೀ ಊರಿಗೆ, ಒಬ್ಬರಿಗಾದರೂ ಇದು ಹೊಳೆಯಲಿಲ್ಲವಲ್ಲ!

"ಬೂಷ್ಟು ಬಂದಿದೆ ಕಾಕ. ಮಗು ಒಂದು ತುಂಡು ತಿಂದಿದ್ದಾಳೆ" ಎಂದೆ ಮೆಲ್ಲಗೆ.

ಪ್ಯಾಕೆಟ್ಟು ಅವರ ಕೈಯಿಂದ ಜಾರಿತು. ಗಾಳಿಯಲ್ಲಿ ತಡಕಾಡಿ ಮಗಳ ತಲೆ ಮುಟ್ಟಿದರು. "ಹೊಟ್ಟೆ ನೋವು ಉಂಟಾ ಮಗಾ?" ಆಮೇಲೆ ನನಗೆ, "ಗೊತ್ತಾದ್ರೆ ಮನೆಯವರು ಅಂಗಡಿ ಮುಚ್ಚಿಸ್ತಾರೆ ಅಂತ ಯಾರ ಹತ್ರವೂ ಹೇಳ್ಲಿಲ್ಲ... ಇನ್ನು ಅವರು ಮುಚ್ಚಿಸುದು ಬೇಡ, ನಾನೇ ಮುಚ್ತೇನೆ."

ಮಗಳಿಗೆ ಏನೂ ಆಗಲಿಲ್ಲ. ಅಂಗಡಿಯ ಹಲಗೆಗಳು ಮಾತ್ರ ಮರುದಿನ ತೆರೆಯಲಿಲ್ಲ, ಮತ್ತೆಂದೂ ತೆರೆಯಲಿಲ್ಲ. ನಾವು ಊರು ಬಿಟ್ಟ ಮೇಲೆ ಕಾಕ ತೀರಿಹೋದ ಸುದ್ದಿ ಬಂತು. ಅಂಗಡಿಯಿಲ್ಲದೆ ಅವರು ದಿನ ಹೇಗೆ ಕಳೆದರೋ...

ಮೊನ್ನೆ, ಈಗ ನನಗಿಂತ ಎತ್ತರ ಬೆಳೆದಿರುವ ಮಗಳು ಪ್ಯಾಕೆಟ್ಟು ಕಸಿದುಕೊಂಡು ಕಣ್ಣಾಡಿಸಿದಳು. "ಇನ್ನೂ ದಿನ ಉಂಟಮ್ಮ." ಅವಳಿಗೆ ಕಾಕನ ನೆನಪೇ ಇಲ್ಲ.

"ಕೆಳಗಿನದ್ದು ಓದು. ಗಟ್ಟಿಯಾಗಿ ಓದು!" ಎಂದೆ. ನನ್ನ ದನಿಗೆ ಸುತ್ತಲಿನವರೆಲ್ಲ ತಿರುಗಿ ನೋಡಿದರು.