ಸ್ಯೂಮೇಗೆ ಗಂಡು

ದೋಹಾ ನಗರದ ಮುಶೈರಿಬ್‌ನ ಆ ಆಫೀಸಿನಲ್ಲಿ ಚುವಾಂಗ್ ಅವರನ್ನು ಎಲ್ಲರೂ ‘ಎಂಪಿ ಸಾಹೇಬರು’ ಎನ್ನುತ್ತಿದ್ದರು. ಅವರ ಸೆಕ್ರೆಟರಿ, ಪುತ್ತೂರಿನ ಆಶ್ರಿತಾ, ಮೊದಲು ಅದನ್ನು ತಮಾಷೆ ಎಂದುಕೊಂಡಿದ್ದಳು. ಆದರೆ ಅದು ನಿಜವೇ ಆಗಿತ್ತು. ತೈವಾನಿನ ಮೀನುಗಾರರ ಊರಲ್ಲಿ ಹುಟ್ಟಿ, ಅಮೆರಿಕದಲ್ಲಿ ಓದಿ ಅಲ್ಲಿಯ ಪೌರರಾಗಿ, ಕತಾರಿನ ಗ್ಯಾಸ್ ಪ್ಲಾಂಟುಗಳಲ್ಲಿ ದುಡಿದ ಎಂಜಿನಿಯರ್ ಅವರು. ಹೊರದೇಶದ ತೈವಾನಿಗರ ಪರವಾಗಿ ಮಾತಾಡಲು ಪಕ್ಷ ಕರೆದಾಗ ಅಮೆರಿಕದ ಪಾಸ್‌ಪೋರ್ಟ್ ಹಿಂದಿರುಗಿಸಿ ತೈವಾನಿನ ಸಂಸತ್ತು ಸೇರಿದರು. ಅವಧಿ ಮುಗಿದ ಮೇಲೆ ಸಲಹೆಗಾರರಾಗಿ ಮತ್ತೆ ದೋಹಾಕ್ಕೆ ಬಂದರು.

ಮಧ್ಯಾಹ್ನ ಅವರು ಎರಡು ಲೋಟ ಚಹಾ ತರಿಸುತ್ತಿದ್ದರು. ಒಂದನ್ನು ಎದುರಿನ ಖಾಲಿ ಕುರ್ಚಿಯ ಮುಂದಿಟ್ಟು, ಆರಿದ ಮೇಲೆ ಚೆಲ್ಲುತ್ತಿದ್ದರು. ಉಳಿದವರು ಕಣ್ಣುಸನ್ನೆ ಮಾಡಿಕೊಂಡರೂ ಆಶ್ರಿತಾಳಿಗೆ ನಗು ಬರಲಿಲ್ಲ. ತುಳುವರ ಆಟಿ ತಿಂಗಳಲ್ಲಿ ಅವಳ ತಾಯಿಯೂ ತೀರಿಹೋದವರಿಗೆ ಎಲೆ ಬಡಿಸಿ ಬಾಗಿಲು ಎಳೆದುಕೊಳ್ಳುತ್ತಿದ್ದರು.

“ಯಾರಿಗೆ, ಸರ್?” ಎಂದು ಒಂದು ದಿನ ಕೇಳಿದಳು.

“ಅಕ್ಕನಿಗೆ.”

ಅಕ್ಕ ಸ್ಯೂಮೇ ಚಿಕ್ಕವಳಿದ್ದಾಗಲೇ ಜ್ವರದಿಂದ ಹೋದವಳು. ಅವರ ಕಡೆ ಮದುವೆಯಾಗದೆ ಸತ್ತ ಹೆಣ್ಣಿಗೆ ತವರಿನ ಹಿರಿಯರ ಪೀಠದಲ್ಲಿ ಜಾಗವಿಲ್ಲ. ಸತ್ತ ಮೇಲಾದರೂ ಗಂಡನ ಮನೆ ಸೇರಿಸಬೇಕು. ತಾಯಿ ಅದನ್ನೇ ಬೇಡಿಕೊಂಡರು. ಆದರೆ ಆ ವರ್ಷವಷ್ಟೇ ಚುವಾಂಗ್ ಸಂಸತ್ತಿನಲ್ಲಿ ಇಂಥ ಮದುವೆಗಳು ಮೌಢ್ಯ ಎಂದು ಭಾಷಣ ಮಾಡಿದ್ದರು. ಆಗುವುದಿಲ್ಲ ಎಂದುಬಿಟ್ಟರು. ತಾಯಿ ಆ ಕೊರಗಿನಲ್ಲೇ ತೀರಿಕೊಂಡರು.

ದೋಹಾಕ್ಕೆ ಮರಳಿದಂದಿನಿಂದ ಅಲ್ ಥುಮಾಮಾದ ಅವರ ಮನೆಯಲ್ಲಿ ಮಗುವಿನ ಚಪ್ಪಲಿಯ ಸದ್ದು. ಎಂಜಿನಿಯರಲ್ಲವೇ, ನೀರಿನ ಪೈಪು, ಎಸಿ ಎಲ್ಲವನ್ನೂ ಬಿಚ್ಚಿ ನೋಡಿದರು. ಏನೂ ಸಿಗಲಿಲ್ಲ.

“ಈಗ ಆ ನಡಿಗೆಗೂ ವಯಸ್ಸಾಗಿದೆ. ಒಂದು ಕಾಲು ಎಳೆಯುತ್ತಾಳೆ,” ಎಂದರು.

ನಮ್ಮಲ್ಲೂ ಸತ್ತ ಮಕ್ಕಳು ಬೆಳೆಯುತ್ತಾರೆ, ಅವರಿಗೂ ಮದುವೆ ಮಾಡುತ್ತೇವೆ ಎಂದಳು ಆಶ್ರಿತಾ. ಅವರು ಖಾಲಿ ಕುರ್ಚಿಯತ್ತ ಒಮ್ಮೆ ನೋಡಿ, ಗಂಡು ಇದ್ದರೆ ಹೇಳು ಎಂದರು. ಅವಳು ಅಲ್ಲಿಂದಲೇ ಊರಿನ ಗುರುವಪ್ಪ ಮಾವನಿಗೆ ಫೋನು ಹಚ್ಚಿದಳು. ಮನೆಯ ಇಂಥ ಕಾರ್ಯಗಳಿಗೆಲ್ಲ ತಾಯಿಯ ಅಣ್ಣನ ಮಾತೇ ಕೊನೆ.

ಮಾವ ಮೊದಲು ಕೇಳಿದ್ದು ತಾಯಿ ಕಡೆಯ ಕುಲವನ್ನು. “ಅವರ ಬರಿ ಯಾವುದು? ನಮ್ಮದೇ ಆದರೆ ಆಗ್ಲಿಕ್ಕಿಲ್ಲ ಮಾರಾಯ್ತಿ.”

“ತೈವಾನಿನವರು ಮಾವ. ಬೇರೆಯೇ ಇರ್ಬೇಕು.”

ಆ ಮಾತಿಗೆ ನಕ್ಕ ಮಾವ, ಹುಡುಗಿ ಹುಟ್ಟಿದ ವರ್ಷ ತಿಳಿದೊಡನೆ ಗಂಭೀರರಾದರು. ಎಳವೆಯಲ್ಲೇ ಹೊಳೆ ಪಾಲಾದ ಅವರ ಅಣ್ಣ ಸ್ಯೂಮೇಗಿಂತ ತುಸು ದೊಡ್ಡವನು. ಅಷ್ಟು ಹಳೆಯ ಹೆಣ್ಣು ಎಲ್ಲೂ ಸಿಕ್ಕಿರಲಿಲ್ಲ. ಹುಡುಗಿಗೆ ಒಪ್ಪಿಗೆಯೇ ಎಂದು ಮೆಲ್ಲಗೆ ಕೇಳಿದರು.

ಸತ್ತವರನ್ನು ಕೇಳಲು ಚುವಾಂಗ್ ಅವರ ಊರಲ್ಲಿ ಎರಡು ಮರದ ತುಂಡು ಎಸೆಯುತ್ತಾರೆ. ಬೇರೆ ಬೇರೆ ಮಗ್ಗುಲಾಗಿ ಬಿದ್ದರೆ ಒಪ್ಪಿಗೆ. ಅವರು ಜೇಬಿನಿಂದ ಎರಡು ಕತಾರಿ ನಾಣ್ಯ ತೆಗೆದು ನೆಲಕ್ಕೆ ಎಸೆದರು. ಎರಡರಲ್ಲೂ ಹಾಯಿದೋಣಿಯ ಚಿತ್ರ ಮೇಲೆ. ಇಲ್ಲ ಎಂದರ್ಥ. ಆಶ್ರಿತಾ ಅದನ್ನು ಮಾವನಿಗೆ ಹೇಳಿದಳು.

“ಮೊದಲ ಸಲಕ್ಕೇ ಹೂಂ ಅನ್ನುವ ಹುಡುಗಿ ನಮಗೂ ಬೇಡ. ಇನ್ನೊಮ್ಮೆ ಕೇಳ್ಲಿ,” ಎಂದರು ಮಾವ ಫೋನಿನಲ್ಲಿ.

ಚುವಾಂಗ್ ಖಾಲಿ ಕುರ್ಚಿಯತ್ತ ಬಗ್ಗಿ ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಏನೋ ಹೇಳಿದರು. ಆಶ್ರಿತಾಳಿಗೆ ಹೆಸರೊಂದು ಬಿಟ್ಟು ಬೇರೇನೂ ತಿಳಿಯಲಿಲ್ಲ. ಮತ್ತೆ ಎಸೆದರು. ಒಂದು ದೋಣಿ ಮೇಲಾಗಿ ನಿಂತಿತು, ಇನ್ನೊಂದು ಉರುಳಿ ಕಪಾಟಿನ ಕೆಳಗೆ ಹೋಯಿತು. ಅವರಿಗೆ ಬಗ್ಗಿ ನೋಡುವ ಧೈರ್ಯವಾಗಲಿಲ್ಲ.

ಆಶ್ರಿತಾ ಮಂಡಿಯೂರಿ ನೋಡಿದಳು. ಅಂಕಿ ಮೇಲಿತ್ತು.

“ಅತ್ತೆ ಒಪ್ಪಿದರು, ಮಾವ,” ಎಂದಳು.