ಕಪ್ಪು ಬಿಲ್ಲೆಯ ಮೇಲಿನ ಬಿಳಿ ಹೆಬ್ಬೆಟ್ಟು

ಬೆಳಿಗ್ಗೆ ಹೆಂಡತಿ ಹುಣಸೆಹಣ್ಣಿನಿಂದ ತಿಕ್ಕಿದ ತಾಮ್ರದ ಬಿಂದಿಗೆಯನ್ನು ಬೋರಲಿಟ್ಟಿದ್ದಳು. ಆ ಹುಳಿ ವಾಸನೆಗೆ, ನಡುವೆ ಹಳೆಯ ಗಾಯದ ಸೀಳಿರುವ ನನ್ನ ಹೆಬ್ಬೆಟ್ಟು ತಾನಾಗಿ ಮುಂದಾಗಿ, ಅರ್ಧದಲ್ಲೇ ನಿಂತಿತು. ತೊಳೆದ ಪಾತ್ರೆಯನ್ನು ಹೆಬ್ಬೆಟ್ಟಿನಿಂದ ಉಜ್ಜಿ, ಕಿರ್ರೆಂದರೆ ಮಾತ್ರ ಒಳಗೊಯ್ಯುವುದು ಬೀದರ ಕಡೆಯ ನಮ್ಮ ಮನೆಯ ರೂಢಿ. ಆ ರೂಢಿಯಿಂದಾದ ತಪ್ಪೊಂದನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕು.

ನಾನು ಕೆಲಸಕ್ಕೆ ಬಂದ ಊರಿಗೆಲ್ಲ ಕಂಪ್ಯೂಟರ್ ಹುಚ್ಚು ಹಿಡಿದಿದ್ದ ವರ್ಷಗಳು. ಅಮೀರ್‌ಪೇಟೆಯ ಗೋಡೆಗಳ ಮೇಲೆ ಸುಣ್ಣಕ್ಕಿಂತ ಕೋರ್ಸುಗಳ ಪೋಸ್ಟರೇ ಹೆಚ್ಚು. ಮೆಟ್ರಿಕ್ ಮುಗಿಸಿದ ನಾನು ಮಾತ್ರ ಸನತ್‌ನಗರದ ಸಣ್ಣ ಪರೀಕ್ಷಾಲಯವೊಂದರಲ್ಲಿ ಲೋಹದ ಬಿಲ್ಲೆ ಕತ್ತರಿಸುತ್ತಿದ್ದೆ. ಅಣುಸ್ಥಾವರದಲ್ಲಿ ಇಂಧನ ತುಂಬುವ ಕೊಳವೆಗಳ ಮಿಶ್ರಲೋಹ ಅದು. ಸುತ್ತ ಹರಿಯುವ ಕಾದ ನೀರು ಅದನ್ನು ಎಷ್ಟು ತಿನ್ನುತ್ತದೆಂದು ನೋಡುವುದು ನಮ್ಮ ಕೆಲಸ. ನನಗಿಂತ ಮೊದಲಿನಿಂದ ಅಲ್ಲಿದ್ದ ನಾಗಮ್ಮಕ್ಕ ಬಿಲ್ಲೆಗಳನ್ನು ಆಮ್ಲದಲ್ಲಿ ತೊಳೆದು, ಚಿಮಟದಿಂದಲೇ ಹಿಡಿದು ತಂತಿಗೆ ತೂಗುಹಾಕುತ್ತಿದ್ದಳು. ಆಮೇಲೆ ಕುಕ್ಕರಿನ ಮುತ್ತಜ್ಜನಂಥ ಉಕ್ಕಿನ ಪಾತ್ರೆಯಲ್ಲಿ ಅವು ದಿನಗಟ್ಟಲೆ ಬೇಯಬೇಕು. ಒಳ್ಳೆಯ ಬಿಲ್ಲೆ ಕರಿಮಣಿಯಂತೆ ಹೊಳೆಯುತ್ತ ಹೊರಬರುತ್ತಿತ್ತು. ಬಿಳಿ ಕಲೆ ಬಂದರೆ ಕೆಟ್ಟಿತು.

"ಕೈ ಹಚ್ಚಬ್ಯಾಡೋ ತಮ್ಮಾ, ಬೆವರಿನ ಉಪ್ಪೂ ಅದು ತಡಿಯಂಗಿಲ್ಲ" ಎನ್ನುತ್ತಿದ್ದಳು.

ಒಂದು ದಿನ ಅವಳು ಚಹಾಕ್ಕೆ ನೀರು ತರಲು ಹೋಗಿದ್ದಳು. ಉಪ್ಪುಖಾರ ಹಚ್ಚಿದ ಪೇರಲ ತಿನ್ನುತ್ತ ಬಂದ ನಾನು, ಹೊಳೆಯುವ ಬಿಲ್ಲೆ ಕಂಡು ಹೆಬ್ಬೆಟ್ಟಿನಿಂದ ಉಜ್ಜಿಬಿಟ್ಟೆ. ಕಿರ್ರೆಂದಿತು. ಖುಷಿಯಾಯಿತು!

ಪಾತ್ರೆ ತೆರೆದ ದಿನ, ಕಪ್ಪು ಬಿಲ್ಲೆಗಳ ನಡುವೆ ಒಂದರ ಮೇಲೆ ಬಿಳಿಯ ಗುರುತು.

"ಯೇ ಕ್ಯಾ ಕರೇ ನಾಗಮ್ಮಾ?" ಪರೀಕ್ಷಾಲಯದ ಸಾಹೇಬರು ಗುಡುಗಿದರು.

ಅವಳು ಭೂತಗನ್ನಡಿಯಲ್ಲಿ ನೋಡಿದಳು. "ಗಲ್ತಿ ಹೋಗಯಾ ಸಾಬ್" ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು, ಅಷ್ಟೇ. ಅವಳನ್ನು ಬಾಟಲಿ ತೊಳೆಯಲು ಹಾಕಿದರು. ನಮ್ಮ ಮನೆಯಲ್ಲಿ ತಂಗಿಯ ಮದುವೆ ಹತ್ತಿರವಿತ್ತು, ಕೆಲಸ ಹೋಗಬಾರದಿತ್ತು, ಅದಕ್ಕೇ ಸುಮ್ಮನಿದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಹೆದರಿದ್ದೆ.

ಬಿಂದಿಗೆ ಮುಟ್ಟದೆ ಇವತ್ತು ಬಸ್ಸು ಹತ್ತಿ ಅವಳ ಮನೆಗೆ ಹೋದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಗೊತ್ತೈತಿ ಬಿಡೋ. ನಡುವ ಸೀಳಿದ ಹೆಬ್ಬಟ್ಟು ಅಲ್ಲಿ ನಿನ್ನ ಬಿಟ್ಟು ಯಾರದಿತ್ತು?"

"ಸಿಟ್ಟು ಬರ್ಲಿಲ್ಲೇನಕ್ಕಾ?"

"ಬರ್ಲಾರದ ಏನು! ತಿಂಗಳಾನಗಟ್ಲೆ ನಿನ್ನ ಚಹಾಕ್ಕ ಸಕ್ಕರಿ ಹಾಕ್ಲಿಲ್ಲ. ಬಾಯಿ ಬಿಡ್ತಿ ಅಂತ ನೋಡಿದ್ರ, ಸುಮ್ಮನ ಕುಡದಿ!"

ಸಾಹೇಬರು ಸಕ್ಕರೆ ಉಳಿಸುತ್ತಿದ್ದಾರೆಂದು ನಾನು ಊರೆಲ್ಲ ಆಡಿಕೊಂಡಿದ್ದೆ.

ನಗುತ್ತಲೇ ಒಲೆ ಹಚ್ಚಿದಳು. ಇವತ್ತು ನನ್ನ ಲೋಟಕ್ಕೆ ಮೂರು ಚಮಚ ಸಕ್ಕರೆ ಬಿತ್ತು. ಡಾಕ್ಟರು ನನಗೆ ಸಕ್ಕರೆ ಬಿಡಿಸಿ ಆರು ವರ್ಷವಾಯಿತು. ಈ ಸಲವೂ ಬಾಯಿ ಬಿಡದೆ, ತಳದಲ್ಲಿ ಉಳಿದದ್ದನ್ನೂ ಬೆರಳಿನಿಂದ ಬಳಿದು ತಿಂದೆ.