ತಲೆ ಮೇಲಿಂದ ಕಿವಿ ಮುಟ್ಟಿದ ಕೈ

ಎಪ್ಪತ್ತರ ದಶಕದಲ್ಲಿ ನಾನು ಗುಬ್ಬಿ ಕಡೆ ವಿಮೆ ಪಾಲಿಸಿ ಮಾಡಿಸುತ್ತಿದ್ದೆ. ಇಪ್ಪತ್ತೈದಕ್ಕೆ ಶುರು ಮಾಡಿದರೆ ಕಂತು ಹಗುರ, ನಲವತ್ತು ದಾಟಿದರೆ ಭಾರ ಅನ್ನೋದು ನನ್ನ ದಿನನಿತ್ಯದ ಪಾಠ. ಪಾಠ ಹೇಳುವವನ ಹತ್ತಿರವೇ ಒಂದು ಪಾಲಿಸಿಯೂ ಇರಲಿಲ್ಲ, ಆ ಮಾತು ಬೇರೆ.

ಸರ್ಕಾರಿ ಆಫೀಸಿನ ಅಟೆಂಡರ್ ರಂಗಪ್ಪನವರು ತಡವಾಗಿ ಒಪ್ಪಿದ್ದರು. ರಿಟೈರಾದ ವರ್ಷವೇ ಕೈಗೆ ದುಡ್ಡು ಬರಬೇಕು, ಅಷ್ಟೇ ಅವರ ಆಸೆ.

"ನಮ್ಮವ್ವ ಹೇಳೋ ವಯಸ್ಸಿನ ಲೆಕ್ಕದಲ್ಲಿ ಇನ್ನೂ ಹದಿನೈದು ವರ್ಷ ಸರ್ವೀಸ್ ಇದೆ, ಹಂಗೇ ಬರ್ಕೊಳ್ಳಿ ಸಾರ್," ಅಂದರು.

ವಯಸ್ಸಿಗೆ ದಾಖಲೆ ಕೇಳಿದೆ. ಮನೆಯಲ್ಲೇ ಇದ್ದ ಅವರ ತಾಯಿ ಟ್ರಂಕಿನಿಂದ ಸ್ಕೂಲ್ ಸರ್ಟಿಫಿಕೇಟ್ ತೆಗೆದುಕೊಟ್ಟರು. ಆಫೀಸಿನ ಲೆಕ್ಕಕ್ಕೂ ಅದೇ ಆಧಾರ; ಅದರ ಪ್ರಕಾರ ಉಳಿದಿದ್ದು ಹದಿಮೂರೇ ವರ್ಷ.

"ಏನವ್ವಾ ಇದು?" ರಂಗಪ್ಪನವರ ಮುಖ ಸಪ್ಪಗಾಯಿತು.

ಮುದುಕಿ ಅಂಜಲಿಲ್ಲ. "ಆಗ ಬಲಗೈ ತಲೆ ಮೇಲಿಂದ ಹೋಗಿ ಎಡಗಿವಿ ಮುಟ್ಟುದ್ರೆ ಆರು ವರ್ಷ ಅಂತ ಬರ್ದು ಸ್ಕೂಲಿಗೆ ಸೇರುಸ್ಕೊಳ್ಳೋರು. ನಿಂಗೆ ನಾಲ್ಕೇ. ಮನೇಲಿ ನಿನ್ ಕಾಟ ತಡೀಲಾರ್ದೆ ಒಂದ್ ತಿಂಗ್ಳು ಕೈ ಎಳ್ದೂ ಎಳ್ದೂ ಮುಟ್ಟಿಸ್ದೆ ಕಣ್ಲಾ."

ಹದಿಮೂರು ವರ್ಷಕ್ಕಾದರೆ ಕಂತು ಜಾಸ್ತಿಯಾಗುತ್ತೆ ಅಂತ ಮೆಲ್ಲಗೆ ಹೇಳಿದೆ. ರಂಗಪ್ಪನವರು ತಮ್ಮ ಬಲಗೈಯನ್ನೊಮ್ಮೆ ನೋಡಿಕೊಂಡು, ಅದೇ ಕೈಯಲ್ಲಿ ಸಹಿ ಹಾಕಿದರು.

"ಎರಡು ವರ್ಷ ಮೊದ್ಲೇ ಕಳಿಸ್ದೆ, ಎರಡು ವರ್ಷ ಮೊದ್ಲೇ ಮನೆಗ್ ಬತ್ತೀಯ, ಬುಡು," ಅಂದರು ಆ ತಾಯಿ.

ಸಂಜೆ ತುಮಕೂರಿನ ನಮ್ಮ ಮನೆಗೆ ಬಂದವನೇ, ನಾನು ನಿಜವಾಗಿ ಹುಟ್ಟಿದ್ದು ಯಾವಾಗ ಅಂತ ನಮ್ಮಮ್ಮನನ್ನು ಕೇಳಿದೆ.

"ಯಾಕೋ? ಯಾರಿಗೆ ಹೇಳೋಕೆ? ಸರ್ಕಾರಕ್ಕಾ, ಜೋಯಿಸರಿಗಾ?" ಅಂದಳು.